ಬಂದರು ಅಂತ ಬರೆದಿತ್ತು

ಆಗ ನನಗೆ ಓದೋಕೆ ಬರ್ತಿದ್ದಿದ್ದು ಬೋರ್ಡು ಮಾತ್ರ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಆಸ್ಪತ್ರೆ ಬಾಗಿಲ ಮೇಲಿನ ಬೋರ್ಡು. ಅದರಲ್ಲೂ ಒತ್ತಕ್ಷರ ಇರಬಾರದು. ಹಲಸೂರು ಓದ್ತಿದ್ದೆ, ಶಿವಾಜಿನಗರ ಓದ್ತಿದ್ದೆ, ಮಹದೇವಪುರ ಓದ್ತಿದ್ದೆ. ಕಮ್ಮನಹಳ್ಳಿ ಬಂದ್ರೆ ಎರಡು ಕಡೆ ಎಡವಿ ಬೀಳ್ತಿದ್ದೆ.

ಜೀವನ್ ಬಿಮಾ ನಗರದಲ್ಲಿ ಹೊಂಗೆ ಮರದ ಕೆಳಗೆ ನಂದೊಂದು ಇಸ್ತ್ರಿ ಗಾಡಿ ಇದೆ. ಗಂಡ ಇರೋವರೆಗೆ ಅವನದು, ಅವನು ಸತ್ತ ಮೇಲೆ ನಂದು. ಅಕ್ಷರ ಕಲಿಸಿದವಳು ಮಗಳು. ಇರೋದು ಒಬ್ಬಳೇ. ಸ್ಕೂಲು ಬಿಟ್ಟ ಮೇಲೆ ನೇರ ಗಾಡಿ ಹತ್ರ ಬರೋಳು. ಆರಿದ ಇದ್ದಿಲಿನ ಚೂರು ತಗೊಂಡು ಫುಟ್‌ಪಾತಿನ ಕಲ್ಲಿನ ಮೇಲೆ ಅ ಆ ಬರೆಯೋಳು. ನಾನು ಪೆಟ್ಟಿಗೆ ತಿಕ್ಕುತ್ತಾ ನೋಡ್ತಿದ್ದೆ. ತಪ್ಪು ಹೇಳಿದ್ರೆ ಸ್ಕೇಲಿನಿಂದ ಗಾಡಿ ಮೇಲೆ ಬಡಿಯೋಳು. "ಓದು" ಅನ್ನೋಳು. ನಾನು ಓದ್ತಿದ್ದೆ. "ಮುಂದೆ?" ಅನ್ನೋಳು. ಹೀಗೆ ಕಾಗುಣಿತದವರೆಗೆ ಬಂದ್ವಿ. ಒತ್ತಕ್ಷರ ನಾಳೆ ಅಂದಿದ್ಲು. ಅಷ್ಟರಲ್ಲಿ ಅವಳ ಹತ್ತನೇ ಕ್ಲಾಸು ಬಂತು, ಆಮೇಲೆ ಗಾರ್ಮೆಂಟ್ಸ್ ಕೆಲಸ ಬಂತು, ಆಮೇಲೆ ಮದುವೆ. ಒತ್ತಕ್ಷರ ಅಲ್ಲೇ ಉಳೀತು.

ಅಳಿಯ ರಾಯಚೂರು ಕಡೆಯವನು. ಕೆ.ಆರ್. ಪುರದಲ್ಲಿ ಅವರ ಊರಿನವರೇ ನಾಲ್ಕು ಮನೆ ಸಾಲಾಗಿ ಬಾಡಿಗೆ ರೂಮಿನಲ್ಲಿದ್ರು, ಅವನೂ ಅಲ್ಲೇ. ಟೈಲ್ಸ್ ಕೂರಿಸೋ ಕೆಲಸ. ನನ್ನನ್ನ 'ಅತ್ತಿ' ಅಂತ ಕರೆಯೋನು. ನಮ್ಮಲ್ಲಿ ಅತ್ತಿ ಅಂದ್ರೆ ಮರ. ಗಾಡಿ ಪಕ್ಕ ಹೂವು ಮಾರೋ ತಮಿಳಿನ ಹೆಂಗಸು ಅವನು ಬಂದಾಗಲೆಲ್ಲ, "ಅಕ್ಕಾ, ಮರ ನೋಡೋಕೆ ಅಳಿಯ ಬಂದ್ರು" ಅಂತ ಆಡಿಕೊಳ್ಳೋಳು. ಅವನು ಬೇಜಾರು ಮಾಡಿಕೊಳ್ತಿರಲಿಲ್ಲ. ನಕ್ಕೊಂಡು, "ಹಣ್ಣಿನ ಮರ ಐತಲ್ರಿ, ಒಣಗಿದ್ದಲ್ಲ" ಅನ್ನೋನು. ಮಗಳು ಅವನ ಹೆಸರು ಹಿಡಿದು ಕರೆದದ್ದು ನಾನು ಒಂದು ಸಲವೂ ಕೇಳಿಲ್ಲ. ಅವ್ರು ಬಂದ್ರು, ಅವ್ರು ಹೋದ್ರು, ಅವ್ರು ಉಂಡ್ರು, ಅಷ್ಟೇ. ಗಾರ್ಮೆಂಟ್ಸಿಗೆ ಹೋಗಿ ಬಂದ ಹುಡುಗಿ, ಫೋನಲ್ಲಿ ಎಲ್ಲಾ ತಿಳಿದವಳು, ಗಂಡನ ಹೆಸರು ಮಾತ್ರ ಬಾಯಿಗೆ ತರ್ತಿರಲಿಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ಟೈಲ್ಸ್ ಧೂಳು ಅವನ ಎದೆಗೆ ಇಳೀತು. ಕೆಮ್ಮು ಹತ್ತಿದ್ರೆ ನಿಲ್ತಾನೇ ಇರಲಿಲ್ಲ. ಡಾಕ್ಟ್ರು ಧೂಳು ಬಿಡು ಅಂದ್ರು. ಅವರ ಊರಿನವನೊಬ್ಬ ಕಡಲ ಕಡೆ ಮೀನಿನ ಬೋಟಿನಲ್ಲಿದ್ದ. ಅಲ್ಲಿ ಧೂಳಿಲ್ಲ, ಒಳ್ಳೇ ಗಾಳಿ ಅಂತ ಹೇಳಿ ಕರ್ಕೊಂಡು ಹೋದ. ಈಜೋಕೆ ಬರುತ್ತೇನಪ್ಪಾ ಅಂತ ನಾನು ಕೇಳಿದ್ದೆ. ಕೃಷ್ಣಾ ಹೊಳೆ ದಂಡೆಯಲ್ಲಿ ಹುಟ್ಟಿದವನಿಗೆ ಈಜು ಕೇಳ್ತೀರಲ್ಲ ಅತ್ತಿ ಅಂದಿದ್ದ. ಆರು ತಿಂಗಳಾದ ಮೇಲೆ ಮಗಳೂ ಹೋದ್ಲು. ಅವಳು ಮೀನು ವಿಂಗಡಿಸೋ ಶೆಡ್ಡಿನಲ್ಲಿ, ಅವನು ಬೋಟಿನಲ್ಲಿ. ಕೆಮ್ಮು ನಿಜವಾಗಿಯೂ ಹೋಯ್ತು. ಫೋನಲ್ಲಿ ಅವನು ಮಾತಾಡೋವಾಗ ನನಗೇ ಗೊತ್ತಾಗ್ತಿತ್ತು, ಗಂಟಲು ಸಾಫ್ ಆಗಿತ್ತು.

ಬೋಟು ನಿಲ್ಲೋ ಜಾಗಕ್ಕೆ ಮಗಳು ಹಾರ್ಬರ್ ಅನ್ನೋಳು. ಅಲ್ಲಿಯವರ ಮಾತು ಕಲಿತ ಮೇಲೆ ದಕ್ಕೆ ಅನ್ನೋಕೆ ಶುರು ಮಾಡಿದ್ಲು. ದಕ್ಕೆಗೆ ಹೋಗಿದ್ದೆ, ದಕ್ಕೆಯಲ್ಲಿ ಗಲಾಟೆ, ದಕ್ಕೆಯಲ್ಲಿ ಮೀನಿಲ್ಲ. ಈ ಎರಡು ಮಾತು ಬಿಟ್ಟು ಮೂರನೇ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ.

ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಒಂದು ಸಲ ಹೋದ ಬೋಟು ತಿರುಗಿ ಬರಲಿಲ್ಲ. ಎಂಟು ಜನ ಇದ್ರು ಅದರಲ್ಲಿ. ಗಾಳಿ ಎದ್ದಿತ್ತು. ಹೊರಗಿದ್ದ ಬೋಟುಗಳು ಅಲ್ಲಿ ಇಲ್ಲಿ ಆಸರೆ ಹಿಡಿದು, ಒಂದೊಂದಾಗಿ ವಾಪಸ್ ಬಂದ್ವು. ಇವರದು ಬರಲಿಲ್ಲ. ಹುಡುಕೋರು ಹುಡುಕಿದ್ರು. ಮಗಳು ದಿನಾ ಬೆಳಿಗ್ಗೆ ಫೋನ್ ಮಾಡಿ "ಇನ್ನೂ ಇಲ್ಲಮ್ಮ" ಅನ್ನೋಳು. ನಾನು ಬರ್ತೀನಿ ಅಂದೆ. ಬಂದು ಏನು ಮಾಡ್ತೀಯ, ನಿನ್ನ ಮಂಡಿ ನೋಡ್ಕೋ ಅಂದ್ಲು. ಹಗಲು ಎಷ್ಟು ಹೊತ್ತಿಗೆ ಫೋನ್ ಮಾಡಿದ್ರೂ ಅವಳ ಕಡೆಯಿಂದ ಗಾಳಿ ಸದ್ದು ಕೇಳೋದು. ರೂಮಲ್ಲಿ ಇರಲ್ವಾ, ದಿನಾ ಎಲ್ಲಿ ಹೋಗಿ ಕೂತ್ಕೊಳ್ತೀಯ, ನನಗೆ ತೋರಿಸು ಅಂತ ಜಗಳ ಮಾಡಿದೆ. ಅದು ಹನ್ನೊಂದನೇ ದಿನ.

ಆ ಸಂಜೆ ಅವಳು ಫೋಟೊ ಕಳಿಸಿದ್ಲಂತೆ. ನನ್ನ ಫೋನಿಗೆ ಬಂದ ಫೋಟೊ ತೆಗೆದು ನೋಡೋದು ನನಗೆ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಗಾಡಿ ಹತ್ರ ಹೂವಿನವಳು ತೆಗೆದುಕೊಟ್ಟಳು. ಅವಳಿಗೆ ಕನ್ನಡ ಓದೋಕೆ ಬರಲ್ಲ. ಹಸಿರು ಬೋರ್ಡು, ಬಿಳೀ ಅಕ್ಷರ, ಪಕ್ಕದಲ್ಲಿ ಮಗಳ ದುಪಟ್ಟದ ಅಂಚು ಗಾಳಿಗೆ ಹಾರ್ತಿತ್ತು. ನಾನು ಕನ್ನಡಕ ಹಾಕ್ಕೊಂಡು ಓದಿದೆ. ಬಂ. ದ. ರು. ಬಂದರು.

ಮುಂದಿನ ಮಾತಿನಲ್ಲಿ ಏನೋ ದೊಡ್ಡ ಒತ್ತಿತ್ತು, ಬಿಟ್ಟೆ. ಅದರ ಮುಂದಿನದರಲ್ಲೂ ಒತ್ತು, ಬಿಟ್ಟೆ. ಕೆಳಗಿನ ಸಾಲಿನ ಮೊದಲ ಮಾತೂ ಹಾಗೇ. ಕೊನೆಯ ಮಾತು ನನಗೆ ಗೊತ್ತಿದ್ದ ಮಾತು, ಕಣ್ಣಿನ ಕ್ಯಾಂಪಿನ ಬೋರ್ಡಲ್ಲಿ ಇರುತ್ತೆ, ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂದಾಗಿಂದ ಎಲ್ಲಾ ಕಡೆ ಇದೆ. ಉಚಿತ.

ಬಂದರು, ಉಚಿತ. ನನ್ನ ತಲೆ ಏನು ಮಾಡಿತು ಅಂದ್ರೆ, ಸರ್ಕಾರದವರು ಹಡಗು ಕಳಿಸಿ ಪುಕ್ಕಟೆ ಕರ್ಕೊಂಡು ಬಂದಿದ್ದಾರೆ, ಬಂದವರ ವಿಷಯ ಊರಿಗೆಲ್ಲ ಗೊತ್ತಾಗ್ಲಿ ಅಂತ ಬೋರ್ಡು ಹಾಕಿದ್ದಾರೆ ಅಂತ ಹೊಂದಿಸಿಕೊಂಡಿತು. ಯಾರು ಬಂದರು ಅಂತ ಬರೆದಿಲ್ಲ. ಯಾಕೆ ಬರೀಬೇಕು, ನನ್ನ ಮಗಳು ಕಳಿಸಿರೋದು ತಾನೇ. ಅವಳಿಗೆ ಹೆಸರು ಬೇಕಿಲ್ಲ. ಬಂದರು ಅಂದ್ರೆ ಅವನೊಬ್ಬನೇ.

ತಕ್ಷಣ ಫೋನ್ ಮಾಡಿದೆ.

"ಬಂದ್ರಲ್ಲವ್ವ, ಸದ್ಯ" ಅಂದೆ.

"ಯಾರು?"

"ಇನ್ಯಾರು. ನಿನ್ನ ಗಂಡ."

"ನಿಂಗ್ಯಾರು ಹೇಳಿದ್ರು?"

"ಬರ್ದೈತಲ್ಲ. ನಾನೇ ಓದ್ದೆ."

ಕಾಲಿನ ಸದ್ದು ಕೇಳಿಸ್ತು, ಆಮೇಲೆ ಏನೋ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಖುಷಿಗೆ ಫೋನ್ ಎಸೆದಿದ್ದಾಳೆ ಅಂದ್ಕೊಂಡೆ.

ನಾನು ಓದಿದ್ದು ಅವಳೇ ಹಿಂದಿನ ದಿನ ಕಳಿಸಿದ್ದ ಬೋರ್ಡು ಅಂತ ಅವಳಿಗೆ ಹೇಗೆ ಹೊಳೀಬೇಕು. ಹನ್ನೆರಡು ದಿನ ನಿದ್ದೆ ಇಲ್ಲದವಳು. ಅಮ್ಮ ಓದಿದ್ಲು ಅಂದ್ರೆ ಟಿವಿಯಲ್ಲೋ ಪೇಪರಿನಲ್ಲೋ ಬಂದಿದೆ ಅಂದ್ಕೊಂಡ್ಲು. ನಾನು ಅವಳಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಅವತ್ತೂ ಸುಳ್ಳು ಹೇಳಲಿಲ್ಲ. ಓದಿದೆ, ಅಷ್ಟೇ.

ಇಲ್ಲಿ ನಾನು ಏನೆಲ್ಲ ಮಾಡಿದೆ ಅಂತ ಹೇಳಿಬಿಡ್ತೀನಿ. ಬೇಕರಿಯಿಂದ ಮೈಸೂರ್‌ಪಾಕು ತರಿಸಿದೆ. ಬಟ್ಟೆ ಕೊಡೋ ಮನೆಗಳಿಗೆಲ್ಲ ಒಂದೊಂದು ತುಂಡು ಕೊಟ್ಟೆ. ಹಲಸೂರಿನಲ್ಲಿ ನಮ್ಮ ಓಣಿಗೆ ಬಂದು ಅಲ್ಲೂ ಹಂಚಿದೆ. ಬುದ್ಧನ ಫೋಟೊ ಮುಂದೆ ಎರಡು ಮೇಣದಬತ್ತಿ ಹಚ್ಚಿದೆ. ಹೂವಿನವಳು ನನ್ನ ಮುಡಿಗೆ ತಾನೇ ಮಲ್ಲಿಗೆ ಸಿಗಿಸಿದ್ಲು, "ಮರ ಹೂ ಬಿಟ್ಟಿತು" ಅಂದ್ಲು. ಗಂಡ ಸತ್ತಾಗಿಂದ ನಾನು ಮುಡಿದವಳಲ್ಲ. ಅವತ್ತು ತೆಗೀಲಿಲ್ಲ.

ಕೆ.ಆರ್. ಪುರದ ರೂಮು ಖಾಲಿ ಮಾಡಿದಾಗ ಅಳಿಯನ ಒಂದು ನೀಲಿ ಅಂಗಿ ನನ್ನ ಟ್ರಂಕಿನಲ್ಲಿ ಉಳಿದಿತ್ತು. ಅದನ್ನ ತೆಗೆದು, ನೀರು ಚಿಮುಕಿಸಿ, ಕಾಲರ್ ಒಳಗಡೆಯಿಂದ ತಿಕ್ಕಿ, ತೋಳು ಗೀರು ಬೀಳದ ಹಾಗೆ ಇಸ್ತ್ರಿ ಹಾಕಿದೆ. ನೀರಲ್ಲಿ ಇದ್ದು ಬಂದವನ ಹತ್ರ ಒಣಗಿದ ಬಟ್ಟೆ ಎಲ್ಲಿರುತ್ತೆ ಅಂತ.

ಮಾರನೇ ದಿನ ಹಗಲು ರೈಲು ಹತ್ತಿದೆ. ಅಂಗಿ ಪೇಪರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡಿದ್ದೆ, ಕೆಳಗಿಟ್ರೆ ಮಡಿಕೆ ಬೀಳುತ್ತೆ. ಫೋನ್ ಮಾಡಿದೆ, ಹೋಗಲಿಲ್ಲ. ಗಂಡ ಬಂದಿದ್ದಾನೆ, ಈಗ ಅಮ್ಮನ ಫೋನ್ ಯಾಕೆ ಎತ್ತುತ್ತಾಳೆ ಅಂದ್ಕೊಂಡೆ. ಘಟ್ಟ ಇಳಿಯೋವಾಗ ಒಂದರ ಹಿಂದೆ ಒಂದು ಸುರಂಗ, ಸಿಗ್ನಲ್ಲೇ ಇರಲಿಲ್ಲ. ಎದುರು ಕೂತಿದ್ದ ಹೆಂಗಸು ಎಲ್ಲಿಗೆ ಹೋಗ್ತಿದ್ದೀರ ಅಂತ ಕೇಳಿದ್ಲು. ಮಗಳು ಅಳಿಯನ ಮನೆಗೆ ಅಂದೆ. ಏನು ವಿಶೇಷ ಅಂದ್ಲು. ಏನಿಲ್ಲ, ಸುಮ್ಮನೆ ಅಂದೆ. ಹಾಗೆ ಹೇಳೋಕೆ ನನಗೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಅದನ್ನೇ ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡೆ. ಏನಿಲ್ಲ, ಸುಮ್ಮನೆ.

ಸೂರ್ಯ ಇಳಿಯೋಕೆ ಇನ್ನೂ ಹೊತ್ತಿರೋವಾಗ ಅವಳ ರೂಮು ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಆ ಊರಿನವಳೇ, ಮೀನು ಒಣಗಿಸ್ತಾ ಇದ್ಲು. ಮಗಳೆಲ್ಲಿ ಅಂದೆ. "ಮೇಲೆ ಗುಡ್ಡೆಯಲ್ಲಿ, ಮತ್ತೆಲ್ಲಿ. ಬೆಳಿಗ್ಗೆ ಹೋದವಳು. ಮೆಟ್ಟಿಲು ಉಂಟು, ನಿಧಾನ ಹತ್ತಿ" ಅಂದ್ಲು. ಅಳಿಯನೂ ಅಲ್ಲೇ ಇದ್ದಾನಾ ಅಂತ ಕೇಳಿದೆ. ಅವಳು ನನ್ನ ತಲೆಯ ಮಲ್ಲಿಗೆ ನೋಡಿದ್ಲು, ಕೈಯ ಪೊಟ್ಟಣ ನೋಡಿದ್ಲು, ನೀರು ತರ್ತೇನೆ ಅಂತ ಒಳಗೆ ಹೋದ್ಲು. ನಾನು ಕಾಯಲಿಲ್ಲ. ಗಂಡ ಹೆಂಡತಿ ಗಾಳಿ ತಗೊಳ್ಳೋಕೆ ಹೋಗಿದ್ದಾರೆ ಅಂದ್ಕೊಂಡು ಮೆಟ್ಟಿಲು ಹತ್ತಿದೆ. ಮಂಡಿ ನೋವು ಅವತ್ತು ಕಾಣಲಿಲ್ಲ.

ಮೇಲೆ ಹೋದ್ರೆ ಜಾತ್ರೆ ಥರ ಜನ. ಕಬ್ಬಿಣದ ಕಂಬಿ, ಸಿಮೆಂಟಿನ ಬೆಂಚು, ಚುರುಮುರಿ ಮಾರೋನು, ಫೋಟೊ ಹಿಡಿಯೋರು. ಕೆಳಗೆ ದಕ್ಕೆ. ಬೋಟುಗಳು ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹಾಗೆ ಒಂದರ ಪಕ್ಕ ಒಂದು, ಕೆಂಪು ನೀಲಿ ಹಸಿರು, ಪ್ರತಿಯೊಂದಕ್ಕೂ ಬಾವುಟ. ಹದ್ದುಗಳು ನಮಗಿಂತ ಕೆಳಗೆ ಸುತ್ತುತ್ತಿದ್ವು. ಆ ಕಡೆ ಎರಡು ಕಲ್ಲಿನ ಗೋಡೆ ಸಮುದ್ರದ ಒಳಗೆ ಹೋಗಿ, ನಡುವೆ ಬಾಗಿಲಿನ ಹಾಗೆ ಬಿಟ್ಟಿತ್ತು. ಅದರಾಚೆ ನೀರು. ಮೂವತ್ತು ವರ್ಷ ಬಟ್ಟೆ ತಿಕ್ಕಿದ್ದೀನಿ, ಅಷ್ಟು ದೊಡ್ಡದು ನೋಡಿಲ್ಲ. ಒಂದು ಮಡಿಕೆ ಹೋಗೋ ಮುಂಚೆ ಇನ್ನೊಂದು ಬೀಳ್ತಿತ್ತು. ಪಕ್ಕದಲ್ಲಿ ಯಾರೋ ಯಜಮಾನರು ಹೆಂಡತಿಗೆ, ಇಂಥ ಜಾಗಕ್ಕೆ ಟಿಕೆಟ್ ಇಟ್ಟಿಲ್ಲ ನೋಡು ಅಂತ ಹೇಳ್ತಿದ್ರು.

ಮಗಳು ಕೊನೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ಲು. ಬಲಗೈಗೆ ಬಿಳೀ ಪಟ್ಟಿ ಸುತ್ತಿತ್ತು.

"ಒಬ್ಬಳೇ ಕೂತಿದ್ದೀಯಲ್ಲ, ಅಳಿಯಂದ್ರು ಎಲ್ಲಿ?" ಅಂದೆ.

ಅವಳು ತಿರುಗಿ ನೋಡಿದ್ಲು. ನನ್ನ ಮುಡಿ ನೋಡಿದ್ಲು. ಎದ್ದು ಬರಲಿಲ್ಲ. ಎಡಗೈ ಎತ್ತಿ ನನ್ನ ಹಿಂದೆ ತೋರಿಸಿದ್ಲು. ಹಸಿರು ಬೋರ್ಡು.

"ಓದು" ಅಂದ್ಲು.

"ಬಂದರು."

"ಮುಂದೆ?"

"ಮುಂದೆ ಬರಲ್ಲ."

"ವೀಕ್ಷಣಾ ಸ್ಥಳ. ನೋಡೋ ಜಾಗ ಅಂತ. ಬಂದರು ಅಂದ್ರೆ ಹಾರ್ಬರ್ ಅಮ್ಮ. ಯಾರೂ ಬಂದಿಲ್ಲ."

ಕೆಳಗಿನ ಸಾಲು ಅವಳು ಓದಲಿಲ್ಲ, ನಾನೂ ಕೇಳಲಿಲ್ಲ. ಪ್ರವೇಶ ಉಚಿತ ಅಂತ ಆಮೇಲೆ ಗೊತ್ತಾಯ್ತು.

ನಾನು ನಿಂತೇ ಇದ್ದೆ. ತಲೆಯಿಂದ ಹೂವು ಕಿತ್ತು ಎಲ್ಲಿ ಹಾಕಬೇಕು ಅಂತ ಗೊತ್ತಾಗದೆ ಸೆರಗಿನಲ್ಲಿ ಕಟ್ಟಿದೆ. ತಪ್ಪಾಯ್ತವ್ವ ಅಂದೆ. ಅವಳು ನೀರಿನ ಬಾಗಿಲ ಕಡೆ ತಿರುಗಿಯಾಗಿತ್ತು. ಕೋಪ ಇಲ್ಲ ಏನಿಲ್ಲ, ಮಾಮೂಲಿ ಧ್ವನಿಯಲ್ಲಿ ಅಂದ್ಲು:

"ನಿನಗೆ ಅಕ್ಷರ ಕಲಿಸಬಾರದಿತ್ತು ನಾನು."

ಉಳಿದದ್ದನ್ನ ಪಕ್ಕದ ಮನೆಯವಳು ಹೇಳಿದ್ಲು. ಫೋನಿನಲ್ಲಿ ನನ್ನ ಮಾತು ಕೇಳಿ ಮಗಳು ಚಪ್ಪಲಿ ಬಿಟ್ಟು ಆ ಮೆಟ್ಟಿಲು ಓಡಿ ಇಳಿದಿದ್ದಾಳೆ. ನಡುವೆ ಬಿದ್ದು ಕೈ ಮುರಿದಿದೆ, ಫೋನ್ ಒಡೆದಿದೆ. ಎದ್ದು ಮತ್ತೆ ಓಡಿದ್ದಾಳೆ. ದಕ್ಕೆ ಉದ್ದಕ್ಕೂ "ಬಂದ್ರಂತೆ, ಬಂದ್ರಂತೆ" ಅಂತ ಕೂಗಿಕೊಂಡು ಹೋಗಿದ್ದಾಳೆ. ಅದೇ ಬೋಟಿನ ಇನ್ನೂ ಮೂರು ಜನರ ಹೆಂಡತಿಯರು ಅಲ್ಲೇ ಸಾಲು ರೂಮುಗಳಲ್ಲಿದ್ರು. ಅವರೂ ಓಡಿ ಬಂದಿದ್ದಾರೆ. ಒಬ್ಬಳು ಬಾಣಂತಿ, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಕೂಸು ಎತ್ಕೊಂಡು. ನಾಲ್ಕೂ ಜನ ಕಟ್ಟೆಯ ತುದಿಯಲ್ಲಿ ನಿಂತು ಬರೋ ಬೋಟನ್ನೆಲ್ಲ ನೋಡಿದ್ದಾರೆ. ಯಾವ ಬೋಟು, ಯಾರು ಹೇಳಿದ್ದು ಅಂತ ಜನ ಕೇಳಿದ್ರೆ, ನಮ್ಮಮ್ಮ ಓದಿದ್ಲು, ಬೆಂಗಳೂರಿನಲ್ಲಿ ಬಂದಿದೆ ಅಂತ ಅಂದಿದ್ದಾಳೆ. ಯಾರೋ ಅಲ್ಲಿ ಇಲ್ಲಿ ವಿಚಾರಿಸಿದ್ರು. ಎಲ್ಲೂ ಏನೂ ಇಲ್ಲ. ಸಂಜೆವರೆಗೂ ಯಾರೂ ಕಟ್ಟೆ ಬಿಟ್ಟು ಏಳಲಿಲ್ಲವಂತೆ.

ಆಮೇಲೆ ಆ ಹೆಂಗಸರು ನನ್ನ ಮಗಳ ಜೊತೆ ಮಾತು ಬಿಟ್ರು. ಅದಕ್ಕೇ ಅವಳು ಬೆಂಚಿನ ಮೇಲೆ ಒಬ್ಬಳೇ. ಮುಂಚೆ ನಾಲ್ಕು ಜನ ಕೂತ್ಕೊಳ್ತಿದ್ರಂತೆ, ಒಂದೇ ಡಬ್ಬಿಯಲ್ಲಿ ಉಣ್ತಿದ್ರಂತೆ.

ಹೋಗಬೇಡ ಅಂತ ಮಗಳು ಹೇಳಿದ್ಲು. ಆದ್ರೂ ನಾನು ಮೂರೂ ಮನೆಗೆ ಹೋದೆ. ತಪ್ಪು ನಂದು, ಅವಳದಲ್ಲ, ನನಗೆ ಓದು ಸರಿಯಾಗಿ ಬರಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿದೆ. ಇಬ್ಬರು ಬಾಗಿಲು ಮುಂದೆ ಮಾಡಿಕೊಂಡ್ರು. ಬಾಣಂತಿ ಮಾತ್ರ ಒಳಗೆ ಕರೆದ್ಲು. ಅವಳೂ ಅಳಿಯನ ಸೀಮೆಯವಳೇ. ಕೂಸಿಗೆ ಹಾಲು ಕುಡಿಸ್ತಾ ನನ್ನ ಮಾತೆಲ್ಲ ಕೇಳಿದ್ಲು.

"ಇರ್ಲಿ ಬಿಡ್ರಿ ಯವ್ವ" ಅಂದ್ಲು. "ಒಂದ್ ಗಳಿಗಿ ಆದ್ರೂ ಬಂದಿದ್ರಲ್ರಿ."

ನಾನು ಹೊರಗೆ ಬಂದು ಚರಂಡಿ ಕಲ್ಲಿನ ಮೇಲೆ ಕೂತೆ. ಗಂಡ ಸತ್ತಾಗ ಅಳದವಳು ಅವತ್ತು ಅತ್ತೆ. ಬಾಣಂತಿಗೆ ಅದು ಸಮಾಧಾನ ಇರಬಹುದು. ನನ್ನ ಮಗಳಿಗೆ ಅಲ್ಲ. ಅವಳಿಗೆ ಆ ಗಳಿಗೆಯೇ ಎಲ್ಲಕ್ಕಿಂತ ಜಾಸ್ತಿ ಸುಟ್ಟಿದ್ದು. ಬಂದೂ ಮತ್ತೆ ಹೋದ ಹಾಗಾಯ್ತು ಅವಳಿಗೆ.

ಒಂಬತ್ತು ದಿನ ಇದ್ದೆ. ದಿನಾ ಅವಳ ಜೊತೆ ಗುಡ್ಡೆ ಹತ್ತಿದೆ, ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡೀತಾ ಇತ್ತು. ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ನಾನು. ನಡುವೆ ಊಟದ ಡಬ್ಬಿ. ಬಲಗೈ ಪಟ್ಟಿಯಲ್ಲಿದ್ದಿದ್ದಕ್ಕೆ ನಾನೇ ಕಲಸಿ ಕೊಡ್ತಿದ್ದೆ, ಅಷ್ಟಕ್ಕೆ ಬಿಟ್ಟುಕೊಟ್ಲು. ಬರೋ ಬೋಟುಗಳನ್ನ ಅವಳು ಬಾವುಟದಲ್ಲೇ ಗುರುತು ಹಿಡೀತಿದ್ಲು. ನನಗೆ ಎಲ್ಲಾ ಒಂದೇ ಥರ. ಒಂದು ದಿನ ಹೊಸದಾಗಿ ಮದುವೆಯಾದವರು ಬಂದು ಕಂಬಿ ಹತ್ರ ನಿಂತು, ಅಕ್ಕ ಒಂದು ಫೋಟೊ ತೆಗೀರಿ ಅಂತ ಇವಳ ಕೈಗೆ ಫೋನ್ ಕೊಟ್ರು. ಅವರು ನಿಂತಿದ್ದು ಸರಿಯಾಗಿ ಆ ನೀರಿನ ಬಾಗಿಲಿಗೆ ಅಡ್ಡ. ಇವಳು ಎಡಗೈಯಲ್ಲಿ ಫೋನ್ ಹಿಡಿದು, ಸ್ವಲ್ಪ ಆ ಕಡೆ ಸರೀರಿ, ಇನ್ನೂ ಸ್ವಲ್ಪ ಅಂತ ಅವರನ್ನ ಪಕ್ಕಕ್ಕೆ ಕಳಿಸಿದ್ಲು. ಆ ಹುಡುಗಿ ಫೋಟೊ ನೋಡಿ ನಕ್ಕಳು, ಅಕ್ಕ, ನಮ್ಮನ್ನೇ ಅರ್ಧ ಕಟ್ ಮಾಡಿದ್ದೀರಲ್ಲ, ಬರೀ ಸಮುದ್ರ ಬಂದಿದೆ ಅಂತ. ಇನ್ನೊಂದು ತೆಗೀತೀನಿ ಕೊಡಿ ಅಂದ್ಲು ನನ್ನ ಮಗಳು. ಅದರಲ್ಲೂ ಬರೀ ಸಮುದ್ರ.

ನನ್ನ ಜೊತೆ ಬೆಂಗಳೂರಿಗೆ ಬಂದ್ಬಿಡು ಅಂತ ಒಂದೇ ಸಲ ಕೇಳಿದೆ. ತಲೆ ಆಡಿಸಿದ್ಲು. ಎರಡನೇ ಸಲ ಕೇಳಲಿಲ್ಲ. ಅಂಗಿ ಕೊಟ್ಟೆ, ವಾಪಸ್ ತಗೊಂಡು ಹೋಗು, ಇಲ್ಲಿದ್ರೆ ದಿನಾ ನೋಡಬೇಕಾಗುತ್ತೆ ಅಂದ್ಲು. ತಂದೆ. ಟ್ರಂಕಿನಲ್ಲಿದೆ. ತೆಗೆದೂ ನೋಡಲ್ಲ, ಬೇರೆಯವರಿಗೆ ಕೊಡೋದೂ ಇಲ್ಲ.

ಹೊರಡೋ ದಿನ ರೈಲು ನಿಲ್ದಾಣದವರೆಗೂ ಬಂದ್ಲು. ಪಕ್ಕದ ಮನೆಯವಳು ಅವಳಿಗೆ ಒಂದು ಹಳೇ ಫೋನ್ ಕೊಟ್ಟಿದ್ಲು. ರೈಲು ಹೊರಡೋ ಮುಂಚೆ ಕಿಟಕಿ ಹತ್ರ ನಿಂತು, ಒಂಬತ್ತು ದಿನದಲ್ಲಿ ಆಡದ ಉದ್ದ ಮಾತು ಆಡಿದ್ಲು.

"ಫೋನ್ ಮಾಡಿದಾಗ ಮೊದಲು ನೀನು ಏನೂ ಮಾತಾಡ್ಬೇಡ. ಹಲೋ ಅಂತಾನೂ ಅನ್ಬೇಡ. ನಾನೇ ಹೇಳ್ತೀನಿ. ನಾನು ಹೇಳಿದ ಮೇಲೆ ಮಾತಾಡು."

ಹೂಂ ಅಂದೆ.

ಇಲ್ಲಿಗೆ ಬಂದ ಮೇಲೆ ಓಣಿಯವರಿಗೆಲ್ಲ ಒಬ್ಬೊಬ್ಬರಿಗೇ ಹೇಳಬೇಕಾಯ್ತು. ಹಂಚಿದ ಸಿಹಿ ವಾಪಸ್ ಕೇಳೋಕಾಗಲ್ಲ. ಹೂವಿನವಳು ಮಾತ್ರ ಏನೂ ಕೇಳಲಿಲ್ಲ, ಗಾಡಿ ನೋಡಿಯೇ ತಿಳ್ಕೊಂಡ್ಲು, ಇದ್ದಿಲು ಹೊತ್ತಿಸೋಕೆ ನಾಲ್ಕು ಕಡ್ಡಿ ಗೀರಿದ್ದೆ. ಮರದ ಮಾತು ಅವಳು ಆಮೇಲೆ ಎತ್ತಿಲ್ಲ. ಎದುರು ಮನೆಯ ರಿಟೈರ್ಡ್ ಟೀಚರಮ್ಮ ಸೀರೆ ಕೊಡೋಕೆ ಬಂದಾಗ ಒತ್ತಕ್ಷರ ಕಲಿಸಿ ಅಂದೆ. ಈ ವಯಸ್ಸಿಗೆ ಯಾಕಮ್ಮ ಅಂದ್ರು. ಬೇಕು ಅಂದೆ. ಮೊದಲು ಕ್ಷ ಕಲಿಸಿ, ಉಳಿದದ್ದು ಆಮೇಲೆ ಅಂದೆ. ಕ ಬರೆದು ಕೆಳಗೆ ಷ ಕೂರಿಸಬೇಕು, ಅಷ್ಟೇ. ಅಂಥಾ ಕಷ್ಟ ಏನಿಲ್ಲ. ಕಲಿತಿದ್ರೆ ಒಂದು ಸಂಜೆ ಸಾಕಿತ್ತು.

ಈಗ ಅಲ್ಲಿ ಮಳೆಗಾಲ. ಮಳೆಗಾಲದಲ್ಲಿ ಬೋಟು ಸಮುದ್ರಕ್ಕೆ ಇಳಿಸಲ್ಲ, ಎಲ್ಲಾ ದಡಕ್ಕೆ ಕಟ್ಟಿಹಾಕಿರ್ತಾರೆ. ಹೊರಗಿಂದ ಬರೋದು ಯಾವುದೂ ಇರಲ್ಲ. ಆದ್ರೂ ಮಗಳು ಕೊಡೆ ಹಿಡಿದು ಮೇಲೆ ಹೋಗ್ತಾಳೆ. ಗುಡ್ಡೆ ಖಾಲಿ ಇರುತ್ತಂತೆ, ಫೋಟೊದವರೂ ಇಲ್ಲ, ಚುರುಮುರಿಯವನೂ ಇಲ್ಲ. ಬಾಣಂತಿ ಒಂದೊಂದು ದಿನ ಬಂದು ಕೂತ್ಕೊಳ್ತಾಳಂತೆ. ಇದೂ ಅವಳು ಹೇಳಿದ್ದೇ, ನಾನು ಕೇಳಿದ್ದಲ್ಲ.

ಬೆಳಿಗ್ಗೆ ಗಾಡಿ ತೆಗೆದು, ಇದ್ದಿಲು ಕೆಂಪಾಗೋ ಹೊತ್ತಿಗೆ ಫೋನ್ ಮಾಡ್ತೀನಿ. ಅವಳು ಎತ್ತುತ್ತಾಳೆ. ನಾನು ಬಾಯಿ ಬಿಡಲ್ಲ. ಆ ಕಡೆ ಮಳೆ ಸದ್ದು, ಗಾಳಿ ಸದ್ದು. ಕೆಲವು ದಿನ ಬೇಗ ಹೇಳ್ತಾಳೆ, ಕೆಲವು ದಿನ ತಡ ಮಾಡ್ತಾಳೆ. ತಡ ಆದ ದಿನ ಗಾಡಿ ಹಿಡ್ಕೊಂಡಿರ್ತೀನಿ.

"ಇಲ್ಲ" ಅಂತಾಳೆ.

ಆಮೇಲೆ ತಿಂಡಿ ಏನು ತಿಂದೆ ಅಂತ ಕೇಳ್ತೀನಿ.